ಎಡಗೆನ್ನೆಗೊಂದು ಕುಂದಾ

ಗಾಳಿಯ ಒತ್ತಡದಿಂದ ಸಣ್ಣ ಸೀಸದ ಗುಂಡು ಹಾರಿಸುವ ಆ ಛರ್ರಾ ಬಂದೂಕು ಎರಡು ತುಂಡಾಗಿ ಆಳಂದದ ನನ್ನ ಬಡಗಿ ಅಂಗಡಿಗೆ ಬಂದದ್ದು ತೊಗರಿ ಹೂ ಬಿಡುವ ಕಾಲದಲ್ಲಿ. ತಂದವರು ಅಫಜಲಪುರದ ಗಂಡ ಹೆಂಡತಿ. ಗಂಡನಿಗೆ ಅಲ್ಲಿ ಬೀಜ ಗೊಬ್ಬರದ ಅಂಗಡಿ. ಹೆಂಡತಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹಳೆಯ ಚಾದರದಲ್ಲಿ ಸುತ್ತಿದ್ದ ಗಂಟನ್ನು ಗಂಡ ಬಿಚ್ಚಿ ನನ್ನ ಮೇಜಿನ ಮೇಲೆ ಹರವಿದರು.

ಕಬ್ಬಿಣವೆಲ್ಲ ನೆಟ್ಟಗಿತ್ತು. ಮುರಿದದ್ದು ಕಟ್ಟಿಗೆಯ ಭಾಗ. ಭುಜಕ್ಕೆ ಆನಿಸಿ, ಕೆನ್ನೆ ಇಟ್ಟು ಗುರಿ ನೋಡುವ ಆ ಭಾಗಕ್ಕೆ ನಮ್ಮ ಕಡೆ ಕುಂದಾ ಅನ್ನುತ್ತಾರೆ. ಟ್ರಿಗರಿನ ಹಿಂದೆ ಮುಷ್ಟಿ ಹಿಡಿಯುವಲ್ಲಿ ಅದು ಸಣ್ಣಗಾಗುತ್ತದೆ. ಅಲ್ಲೇ ಚಟ್ಟನೆ ಮುರಿದಿತ್ತು.

"ಅಟ್ಟದ ಮ್ಯಾಲಿಂದ ಬಿತ್ರಿ ಅಣ್ಣಾರ," ಅಂದರು ಗಂಡ. "ಕುಂದಾ ಅಂದ್ರ ನನಗ ಬೆಳಗಾವಿ ಕುಂದಾ ಒಂದೇ ಗೊತ್ತಿತ್ತು. ಇದಕ್ಕೂ ಕುಂದಾ ಅಂತಾರಂತ ಈಕಿ ಹೇಳಿದ ಮ್ಯಾಲ ತಿಳೀತು ನೋಡ್ರಿ. ನೀವು ಕಾಲೇಜಿನ್ಯಾಗ ಕೂಡೇ ಇದ್ರಂತಲ್ಲ. ಆಳಂದದಾಗ ಒಬ್ರು ಅದಾರ, ಅವ್ರಿಗೆ ಬಂದೂಕೂ ಗೊತ್ತದ, ಕಟ್ಟಿಗೀನೂ ಗೊತ್ತದ ಅಂತ ಈಕಿನೇ ಕರ್ಕೊಂಡ್ ಬಂದ್ಳು."

ಟೀಚರ್ ಬಾಗಿಲ ಹತ್ತಿರವೇ ನಿಂತಿದ್ದರು. ಕೆಳಗೆ ಬಿದ್ದ ಕಟ್ಟಿಗೆ ಹೊಟ್ಟನ್ನು ನೋಡುತ್ತ ಮಾತಾಡಿದರು. "ಹೊಸಾದು ತರಸಬೇಕಂದ್ರ ಬಂದೂಕಿಗಿಂತ ಅದಕ್ಕೇ ಜಾಸ್ತಿ ಆಗ್ತದಂತ್ರಿ. ಈ ಮಾಡಲ್ ಬರೋದೂ ನಿಂತದ. ಕಮ್ಮಿದಾಗ ಏನರ ಆಗ್ತದೇನ್ ನೋಡ್ರಿ. ಜಿಲ್ಲಾ ಸ್ಪರ್ಧಾಕ್ಕ ಹೆಸರು ಕೊಟ್ಟೀನಿ."

ನಮ್ಮ ಕಡೆ ಹೆಣ್ಣುಮಕ್ಕಳು ಗುರುತಿಲ್ಲದ ಗಂಡಸನ್ನೂ ಅಣ್ಣಾ ಎಂದೇ ಕರೆಯುತ್ತಾರೆ. ಟೀಚರ್ ನನ್ನನ್ನು ಏನೂ ಕರೆಯದೆ ಮಾತು ಮುಗಿಸಿದರು. ಅದು ನನ್ನ ಕಿವಿಗೆ ಬಿತ್ತು.

ಕಲಬುರಗಿಯ ಕಾಲೇಜಿನಲ್ಲಿ ನಾವಿಬ್ಬರೂ ಎನ್‌ಸಿಸಿಯಲ್ಲಿದ್ದೆವು. ನಾನು ಮಟಕಿಯಿಂದ ಹೋದವನು, ಆಕೆ ಇಜೇರಿಯಿಂದ ಬಂದವಳು. ಹುಡುಗಿಯರು ಗುಂಡು ಹೊಡೆಯುವ ದಿನ ಗುರಿಹಲಗೆ ನೋಡಿಕೊಳ್ಳಲು ಹುಡುಗರಲ್ಲಿ ಒಬ್ಬಿಬ್ಬರನ್ನು ನಿಲ್ಲಿಸುತ್ತಿದ್ದರು. ಹೊಡೆದಾದ ಮೇಲೆ ಓಡಿಹೋಗಿ ಕಾಗದದ ತೂತು ಎಣಿಸಿ, ಮೇಲೆ ಚೀಟಿ ಅಂಟಿಸಿ ಮುಂದಿನವರಿಗೆ ಸಿದ್ಧಮಾಡಬೇಕು. ಬಡಗಿಯ ಮಗನಿಗೆ ಅಂಟು ಹಚ್ಚಲು ಬರುತ್ತದೆಂದು ಹವಾಲ್ದಾರರು ನನ್ನನ್ನೇ ಕರೆಯುತ್ತಿದ್ದರು. ಉಳಿದ ಹುಡುಗಿಯರ ಕಾಗದಕ್ಕೆ ಐದು ಚೀಟಿ ಬೇಕಾಗುತ್ತಿತ್ತು. ಆಕೆಯ ಕಾಗದಕ್ಕೆ ಒಂದೇ. ಐದೂ ತೂತು ಒಂದರ ಮೈಮೇಲೊಂದು ಬಿದ್ದು ಸಣ್ಣದೊಂದು ಹರಕಿನಂತೆ ಕಾಣುತ್ತಿದ್ದವು. "ಹೆಂಗ್ ಬಿದ್ದಾವ್ರಿ?" ಅಂತ ಆಕೆ ಕೇಳುವುದು, "ಎಲ್ಲಾ ಒಂದೇ ಕಡಿ ಅವರಿ" ಅಂತ ನಾನು ಹೇಳುವುದು. ಕಾಲೇಜಿನ ದಿನಗಳಲ್ಲಿ ನಮ್ಮಿಬ್ಬರ ಮಾತುಕತೆ ಅಷ್ಟೇ. ಬಂದೂಕು ಕೆಳಗಿಟ್ಟು ಏಳುವಾಗ ಆಕೆಯ ಬಲಗೆನ್ನೆಯ ಮೇಲೆ ಕಟ್ಟಿಗೆಯ ಒತ್ತು ಕೆಂಪಗೆ ಮೂಡಿರುತ್ತಿತ್ತು. ಹಾಸ್ಟೆಲಿಗೆ ನಡೆದು ಹೋಗುವವರೆಗೂ ಅದು ಮಾಸುತ್ತಿರಲಿಲ್ಲ. ಆಮೇಲೆ ಆಕೆಯ ಲಗ್ನವಾಯಿತೆಂದು ಯಾರೋ ಹೇಳಿದರು. ನನ್ನದೂ ಆಯಿತು.

ನಾನು ಅದುವರೆಗೆ ಬಾಗಿಲು, ಚೌಕಟ್ಟು, ಮಂಚ ಮಾಡಿದವನೇ ಹೊರತು ಬಂದೂಕಿನ ಕುಂದಾ ಮಾಡಿರಲಿಲ್ಲ. ಅದನ್ನು ಹೇಳಿದೆ. "ನೋಡ್ರಿ, ಆಗ್ಲಿಕ್ರ ಬಿಡ್ರಿ," ಅಂದರು ಟೀಚರ್. ಬಿಡಲು ನನಗೆ ಮನಸ್ಸಿರಲಿಲ್ಲ.

ಮೊದಲು ಅಳತೆ. ಬಂದೂಕು ಹಿಡಿದಾಗ ಟ್ರಿಗರಿನಿಂದ ಭುಜದವರೆಗಿನ ದೂರ ಆ ಮನುಷ್ಯನ ತೋಳಿಗೆ ಹೊಂದಬೇಕು. ಮೊಣಕೈ ಮಡಚಿ, ಅದರ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳೆದರೆ ಸುಮಾರಾಗಿ ಸಿಗುತ್ತದೆ. ಟೇಪು ನನ್ನ ಕೈಯಲ್ಲೇ ಇತ್ತು. ಆದರೂ ಮನೆಯೊಳಗಿಂದ ಹೆಂಡತಿಯನ್ನು ಕರೆದೆ. ಅವಳು ಚಹಾದ ಕಪ್ಪುಗಳನ್ನು ಇಟ್ಟು, ಸೀರೆಗೆ ಕೈ ಒರೆಸಿಕೊಂಡು ಟೇಪು ಹಿಡಿದಳು. ಒಂದೊಂದೇ ಅಳತೆಯನ್ನು ಕೂಗಿ ಹೇಳಿದಳು. ನಾನು ಗೋಡೆಯ ಕಡೆ ಮುಖಮಾಡಿ ಪೆನ್ಸಿಲಿನಿಂದ ಹಲಗೆಯ ಮೇಲೆ ಬರೆದುಕೊಂಡೆ.

ಅವರು ಹೋದ ಮೇಲೆ ಮುರಿದ ತುಂಡುಗಳನ್ನು ಬೆಳಕಿಗೆ ಹಿಡಿದೆ. ಕಟ್ಟಿಗೆಯ ನಾರು ಮುಷ್ಟಿಯ ಜಾಗದಲ್ಲಿ ಉದ್ದಕ್ಕೆ ಹರಿಯುವ ಬದಲು ಓರೆಯಾಗಿ ಅಡ್ಡ ಹೋಗಿತ್ತು. ಅಟ್ಟದಿಂದ ಬೀಳದಿದ್ದರೂ ಒಂದು ದಿನ ಮುರಿಯುತ್ತಿತ್ತು. ಹಾಗಾಗಿ ಹೊಸದಕ್ಕೆ ನಾರು ನೋಡಿ ಕಟ್ಟಿಗೆ ಆರಿಸಬೇಕಿತ್ತು. ಊರಲ್ಲಿ ಕೆಡವಿದ ಹಳೆಯ ಮನೆಯೊಂದರ ಸಾಗವಾನಿ ಚೌಕಟ್ಟಿನ ತುಂಡು ನನ್ನ ಹತ್ತಿರ ಉಳಿದಿತ್ತು. ಅದಕ್ಕೆ ಬೇರೆ ಗಿರಾಕಿ ಇರಲಿಲ್ಲ, ಖರ್ಚೂ ಇರಲಿಲ್ಲ. ಹಳೆಯ ಕುಂದಾದ ತುಂಡುಗಳನ್ನು ಜೋಡಿಸಿ ಅದರ ಮೇಲಿಟ್ಟು ಗೆರೆ ಎಳೆದೆ. ನಾರು ಮುಷ್ಟಿಯ ಉದ್ದಕ್ಕೆ ಬರುವ ಹಾಗೆ ಸ್ವಲ್ಪ ತಿರುಗಿಸಿ ಕೊಯ್ದೆ.

ಹೊರಗಿನ ಆಕಾರ ಸುಲಭ. ರಂದಾ, ಅರ, ಪಾಲಿಶ್ ಕಾಗದದಲ್ಲಿ ಆಗುತ್ತದೆ. ಕಷ್ಟವಿರುವುದು ಒಳಗೆ. ಬಂದೂಕಿನ ಕೊಳವೆ ಕೂರುವ ದೋಣಿಯಂಥ ತಗ್ಗನ್ನು ಉಳಿಯಿಂದ ತೆಗೆಯಬೇಕು. ಕಬ್ಬಿಣಕ್ಕೂ ಕಟ್ಟಿಗೆಗೂ ನಡುವೆ ಸಂದು ಉಳಿದರೆ ಹೊಡೆದಾಗಲೆಲ್ಲ ಬಂದೂಕು ಅದುರುತ್ತದೆ. ಸ್ಪ್ರಿಂಗಿನ ಬಂದೂಕು ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಜಗ್ಗುತ್ತದೆ. ಸ್ಕ್ರೂ ಸಡಿಲಾಗಿ ಗುರಿ ಕೆಡುತ್ತದೆ. ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ನೋಡಲು ಹೆಂಡತಿಯ ಕಾಡಿಗೆ ಡಬ್ಬಿಯನ್ನು ಕೇಳಿ ತಂದೆ. ಕೊಬ್ಬರಿ ಎಣ್ಣೆಯಲ್ಲಿ ಕಾಡಿಗೆ ಕಲೆಸಿ ಕಬ್ಬಿಣಕ್ಕೆ ತೆಳ್ಳಗೆ ಬಳಿದು, ತಗ್ಗಿನಲ್ಲಿ ಒತ್ತಿ ತೆಗೆದರೆ ತಾಗಿದ ಜಾಗ ಕಪ್ಪಗಾಗಿರುತ್ತದೆ. ಅಷ್ಟನ್ನೇ ಸಿಪ್ಪೆಯಂತೆ ಕೆರೆಯುವುದು, ಮತ್ತೆ ಒತ್ತುವುದು. ದಿನದ ಕೆಲಸ ಮುಗಿಸಿ ಸಂಜೆ ಬೆಳಕಿರುವವರೆಗೆ ಇದನ್ನೇ ಮಾಡುತ್ತಿದ್ದೆ. ಕಡೆಗೊಂದು ಸಂಜೆ ಕಬ್ಬಿಣ ಒತ್ತಿ ತೆಗೆದಾಗ ತಗ್ಗಿನ ತುಂಬ ಒಂದೇ ಸಮನೆ ಕಪ್ಪು ಹಿಡಿದಿತ್ತು.

ಕೆನ್ನೆ ಇಡುವ ಜಾಗಕ್ಕೆ ಮಾತ್ರ ಕಾಡಿಗೆ ಬೇಕಾಗಲಿಲ್ಲ. ಹಳೆಯದರಲ್ಲಿ ಅದು ಚಪ್ಪಟೆ ಇತ್ತು. ನಾನು ಸ್ವಲ್ಪ ಉಬ್ಬು ಕೊಟ್ಟು, ನಡುವೆ ತುಸು ತಗ್ಗಿಸಿದೆ. ಯಾರೂ ಹೇಳದೆ ಕೈ ತಾನೇ ಮಾಡಿತು. ಮಾಡುವಾಗ ನನ್ನ ಕಣ್ಣ ಮುಂದೆ ಯಾವ ಕೆನ್ನೆ ಇತ್ತೆಂದು ನನಗೆ ಗೊತ್ತಿತ್ತು.

ಹಾಕಿ ನೋಡಲೆಂದು ಗಂಡ ಹೆಂಡತಿ ಒಂದು ಭಾನುವಾರ ಬಂದರು. ಟೀಚರ್ ಬಂದೂಕು ಎತ್ತಿ ಬಲಭುಜಕ್ಕೆ ಇಟ್ಟರು. ಭುಜಕ್ಕೆ ಸರಿಯಾಗಿ ಕೂತಿತು. ಮುಷ್ಟಿ ಸರಿಯಾಗಿ ಸಿಕ್ಕಿತು. ಆದರೆ ಕೆನ್ನೆ ಇಟ್ಟಮೇಲೆ ಅವರ ಕತ್ತು ಕುಂದಾವನ್ನು ದಾಟಿ ಆಚೆಗೆ ವಾಲಿತು. ಅಳತೆ ತಪ್ಪಿತೆಂದುಕೊಂಡೆ. ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಮೇಲಿನ ಅಂಚನ್ನು ಕೆರೆದು ಕೊಟ್ಟೆ. ಮತ್ತೆ ಅದೇ. ಇನ್ನೊಂದು ಸೂತು ಕೆರೆಯಲು ಕೈ ಚಾಚಿದಾಗ ಅವರು ಬಂದೂಕು ಕೊಡಲಿಲ್ಲ.

"ನಿಮ್ದೇನೂ ತಪ್ಪಿಲ್ರಿ," ಅಂದರು. "ಅಳತಿ ಬರೋಬ್ಬರಿ ಅದ."

ಗಂಡ ಅಂಗಡಿಯ ಹೊರಗೆ ನೋಡಿದರು. ಆಮೇಲೆ ಅವರೇ ಹೇಳಿದರು. "ಹೇಳಿಬಿಡು. ಅವ್ರು ಕಟ್ಟಿಗಿ ಕೆರಕೋತ ಎಷ್ಟ್ ದಿನ ಕೂಡ್ತಾರ?"

"ಬಲಗಣ್ಣು ಹೋಗ್ಯದ್ರಿ," ಅಂದರು ಟೀಚರ್. "ಪೂರಾ ಅಲ್ಲ. ಸುತ್ತ ಎಲ್ಲಾ ಕಾಣ್ತದ. ನಡುವ ಅಷ್ಟ ಹೊಗಿ ಹಿಡದಂಗ. ನಿಮ್ಮ ಮಾರಿ ನೋಡಿದ್ರ ನಿಮ್ಮ ಕಿವಿ ಕಾಣ್ತಾವ, ಮಾರಿ ಇರಂಗಿಲ್ಲ. ಸೊಲ್ಲಾಪುರದಾಗ ತೋರ್ಸೀವಿ. ಇದು ಹಿಂಗೇ ಅಂದ್ರು."

ಬಲಭುಜದ ಮೇಲಿಟ್ಟು, ಕತ್ತು ವಾಲಿಸಿ ಎಡಗಣ್ಣಿನಿಂದ ಗುರಿ ನೋಡಬಹುದೆಂದು ಅವರು ಲೆಕ್ಕ ಹಾಕಿದ್ದರು. ಕಣ್ಣಿನ ಸಂಗತಿಯನ್ನು ನನಗೆ ಹೇಳಲು ಅವರಿಗೆ ಮನಸ್ಸಾಗಿರಲಿಲ್ಲ. ಗುರಿಯ ನಡುವೆಯೇ ಹೊಗೆ ಎಂದರೆ ಗುರಿಕಾರಳಿಗೆ ಏನು ಉಳಿಯಿತು? ಮೇಜಿನ ಮೇಲಿನ ಹೊಟ್ಟನ್ನು ಕೈಯಿಂದ ಸರಿಸಿದೆ.

"ಕುಂದಾನೇ ಬಗ್ಗಿಸಿ ಮಾಡ್ಲಿಕ್ಕಿ ಬರಂಗಿಲ್ಲೇನ್ರಿ?" ಅಂತ ಅವರು ಕೇಳಿದರು. "ಭುಜ ಬಲದ್ದು ಇರ್ಲಿ, ನಳಿಗಿ ಎಡಗಣ್ಣಿನ ಮುಂದ ಬರ್ಲಿ. ಹಂಗ ಮಾಡ್ತಾರಂತ ನೋಡೀನಿ."

ನೋಡುತ್ತೇನೆ ಅಂದೆ. ಆ ವಾರ ಚಾಕ್‌ಪೀಸಿನಲ್ಲಿ ಅಂಗಡಿಯ ನೆಲದ ತುಂಬ ಬಾಗಿದ ಕುಂದಾಗಳನ್ನು ಬರೆದೆ. ಹೇಗೆ ಬರೆದರೂ ಬಾಗು ಬರುವುದು ಮುಷ್ಟಿಯ ಜಾಗದಲ್ಲೇ, ಸಣ್ಣ ನಡುವಿನಲ್ಲೇ. ಅಲ್ಲಿ ನಾರು ಕಡಿದುಹೋಗುತ್ತದೆ. ಎರಡು ತುಂಡು ಜೋಡಿಸಿ ಬೆಣೆ ಹಾಕಿದರೆ ಹೇಗೆಂದು ಬೇವಿನ ಕಟ್ಟಿಗೆಯಲ್ಲಿ ಒಂದು ಮಾಡಿ ನೋಡಿದೆ. ಮೊಣಕಾಲಿಗೆ ಆನಿಸಿ ಒತ್ತಿದರೆ ಬಿರುಕು ಬಿಟ್ಟಿತು. ಕಬ್ಬಿಣದ ಪಟ್ಟಿ ಬಡಿದರೆ ನಿಲ್ಲುತ್ತಿತ್ತು. ಆದರೆ ಭಾರ ಹೆಚ್ಚಿ ತೂಕವೆಲ್ಲ ಒಂದು ಕಡೆ ಎಳೆಯುತ್ತಿತ್ತು.

ಈ ಕೆಲಸಕ್ಕೆ ಇರುವುದು ಒಂದೇ ದಾರಿ ಎಂದು ನನಗೆ ಅವರು ಕಣ್ಣಿನ ಮಾತು ಹೇಳಿದ ದಿನವೇ ತಿಳಿದಿತ್ತು ಅನ್ನಿಸುತ್ತದೆ. ಅದನ್ನು ಹೇಳಲು ನನಗೂ ಇಷ್ಟವಿರಲಿಲ್ಲ. ಬಾಗಿದ ಕುಂದಾಗಳನ್ನು ಬರೆಯುತ್ತ ಬರೆಯುತ್ತ ನಾನೂ ಆ ಬಲಗೆನ್ನೆಯನ್ನೇ ಹಿಡಿದುಕೊಂಡು ಕೂತಿದ್ದೆ.

ನೆಲ ಒರೆಸಿ ಫೋನು ಮಾಡಿದೆ.

"ಟೀಚರ್, ಬಗ್ಗಿಸೋದು ಬ್ಯಾಡ್ರಿ. ಮುರೀತದ. ಪೂರಾ ಎಡಕ್ಕ ಮಾಡ್ತೇನಿ. ಎಡಭುಜ, ಎಡಗೆನ್ನಿ, ಎಡಗಣ್ಣು."

ಅವರು ಶಾಲೆಯ ಮೈದಾನದಲ್ಲಿದ್ದರೇನೋ, ಮಕ್ಕಳ ಗದ್ದಲ ಕೇಳುತ್ತಿತ್ತು.

"ಹಂಗಂದ್ರ ನಾ ಮತ್ತ ಮೊದಲಿಂದ ಕಲೀಬೇಕ್ರಿ," ಅಂದರು.

"ಹೌದ್ರಿ."

"ಸ್ಪರ್ಧಾ ಹೋಗ್ತದ."

"ಹೋಗ್ತದ್ರಿ."

"ನಾ ಹೊಡದದ್ದು ನೀವು ನೋಡೀರಿ. ಕಾಗದಕ್ಕ ಚೀಟಿ ಹಚ್ಚಿದವ್ರು ನೀವು. ಎಡಗೈಲೆ ಹಂಗ ಯಾವಾಗರ ಆಗ್ತದೇನ್ರಿ?"

ಆಗುತ್ತದೆ ಎಂದು ಹೇಳಬಹುದಿತ್ತು. "ಗೊತ್ತಿಲ್ರಿ," ಅಂದೆ. ಅವರು ಫೋನಿಟ್ಟರು.

ಎಷ್ಟೋ ದಿನ ಆ ಕಡೆಯಿಂದ ಸುದ್ದಿ ಇರಲಿಲ್ಲ. ಜಿಡಗಾದವರೊಬ್ಬರ ಬಾಗಿಲುಗಳ ಕೆಲಸ ಬಂದಿತ್ತು, ಅದನ್ನು ಮಾಡಿದೆ. ಬಲಗೈಯ ಸಾಗವಾನಿ ಕುಂದಾ ಗೋಡೆಗೆ ಒರಗಿಕೊಂಡೇ ಇತ್ತು. ಬೇರೆ ಯಾರಿಗೂ ಆಗಿಬರುವಂಥದಲ್ಲ ಅದು. ಕಡೆಗೊಂದು ದಿನ ಅವರ ಗಂಡನ ಫೋನು ಬಂತು.

"ಅಣ್ಣಾರ, ಮಾಡ್ರಿ. ಈಕಿ ಹೂಂ ಅಂದಾಳ. ಬಾಯಿಲೆ ಹೇಳಿಲ್ರಿ. ಮುಂಜಾನೆದ್ದು ಮಾಳಗಿ ಮ್ಯಾಲ ಬಡಿಗಿ ಹಿಡ್ಕೊಂಡು ಎಡಭುಜಕ್ಕ ಇಟ್ಟು ನೋಡಾಕತ್ತಾಳ. ನಾ ನೋಡೀನಂತ ಆಕಿಗೆ ಗೊತ್ತಿಲ್ಲ."

ಸಾಗವಾನಿಯ ತುಂಡು ಮತ್ತೊಂದಿರಲಿಲ್ಲ. ಮಟಕಿಯ ನಮ್ಮ ಹೊಲದ ಬದುವಿನಲ್ಲಿದ್ದ ಬೇವಿನಮರ ಗಾಳಿಗೆ ಬಿದ್ದಾಗ ಕೊಯ್ಯಿಸಿ ತಂದಿದ್ದ ಒಂದು ದಪ್ಪ ಹಲಗೆ ಅಂಗಡಿಯ ಮಾಡಿನಲ್ಲಿ ವರ್ಷಗಟ್ಟಲೆ ಒಣಗಿತ್ತು. ಯಾವುದಕ್ಕೆಂದು ಇಟ್ಟುಕೊಂಡಿದ್ದೆನೋ ಹೇಳಲಾರೆ. ಗಿರಾಕಿಗಳು ಕೇಳಿದಾಗೆಲ್ಲ ಕೊಡುವುದಿಲ್ಲ ಅಂದಿದ್ದೆ. ಬೇವು ಸಾಗವಾನಿಯಷ್ಟು ಚೆಂದವಲ್ಲ. ನಾರು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ರಂದಾ ಹೊಡೆದರೆ ಸಿಬಿರು ಏಳುತ್ತದೆ. ಆದರೆ ಅದೇ ಕಾರಣಕ್ಕೆ ಸುಲಭವಾಗಿ ಸೀಳುವುದಿಲ್ಲ. ಅದನ್ನು ಕೆಳಗಿಳಿಸಿದೆ.

ಈ ಸಲ ಕೆನ್ನೆಯ ಜಾಗವನ್ನು ನೆನಪಿನಿಂದ ಮಾಡಬಾರದು ಎಂದು ನಿಶ್ಚಯಿಸಿದೆ. ಎಡಗೆನ್ನೆ ನನಗೆ ಗೊತ್ತಿರಲಿಲ್ಲ. ಮುಖದ ಎರಡು ಬದಿ ಒಂದೇ ಥರ ಇರುವುದಿಲ್ಲ. ವಯಸ್ಸಾದಂತೆ ಕೆನ್ನೆಯೂ ಬೇರೆಯಾಗಿರುತ್ತದೆ. ಒರಟಾಗಿ ಕೊಯ್ದ ಬೇವಿನ ತುಂಡಿಗೆ ಕಬ್ಬಿಣ ಕೂರಿಸಿ, ಕೆನ್ನೆ ತಾಗುವಲ್ಲಿ ಕಟ್ಟಿಗೆಯನ್ನು ತಗ್ಗಾಗಿಯೇ ಬಿಟ್ಟೆ. ಹೆಂಡತಿಗೆ ಗೋಧಿ ಹಿಟ್ಟು ನಾದಲು ಹೇಳಿದೆ.

"ಎಷ್ಟು ಮೆತ್ತಗ ಇರ್ಬೇಕ್ರಿ? ಹೋಳಗಿ ಕಣಕದಂಗೇನು?"

"ಬ್ಯಾಡ. ಚಪಾತಿಗಿಂತ ಗಟ್ಟಿ."

ಟೀಚರ್ ಬಂದಾಗ ಆ ಕಣಕವನ್ನು ಕುಂದಾದ ಬಲಬದಿಗೆ, ಮೇಲಿನ ಅಂಚಿಗೆ ಮೆತ್ತಿ, ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಎಡಭುಜಕ್ಕೆ ಇಡುವವರ ಕೆನ್ನೆ ತಾಗುವುದು ಆ ಬದಿಗೆ. ಕಣ್ಣು ಮುಚ್ಚಿ ಬಂದೂಕು ಎತ್ತಿರಿ, ಕೆನ್ನೆ ಎಲ್ಲಿ ತಾನಾಗಿ ಬೀಳುತ್ತದೋ ಅಲ್ಲಿ ಬಿಡಿರಿ, ಆಮೇಲೆ ಕಣ್ಣು ತೆರೆಯಿರಿ ಎಂದೆ. ಗುರಿ ನೋಡಲು ಬಂದೂಕಿನ ಮೇಲಿರುವ ಹಿಂದಿನ ಸಣ್ಣ ತೂತಿನ ನಡುವೆ ನಳಿಗೆಯ ತುದಿಯ ಉಂಗುರ ಕಾಣಬೇಕು. ಮೊದಲು ಮೇಲೆ ಕಂಡಿತು. ಹಿಟ್ಟು ತೆಗೆದೆ. ಆಮೇಲೆ ಬದಿಗೆ ಸರಿಯಿತು. ಹಿಟ್ಟು ಸೇರಿಸಿದೆ. ಬಂದೂಕನ್ನು ನನ್ನ ಕೈಗೆ ಕೊಡುವುದು, ನಾನು ತಿದ್ದಿ ವಾಪಸು ಕೊಡುವುದು, ಅವರು ಕಣ್ಣು ಮುಚ್ಚುವುದು. ಹೀಗೇ ನಡೆಯಿತು. ಗಂಡ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನನ್ನ ಹೆಂಡತಿ ಹಿಟ್ಟಿನ ಬೋಗುಣಿ ಹಿಡಿದು ನಿಂತಿದ್ದಳು.

"ಬಂತ್ರಿ," ಅಂದರು ಟೀಚರ್. ಕಣ್ಣು ತೆರೆದೇ ಇತ್ತು. ಬಂದೂಕು ಇಳಿಸಲಿಲ್ಲ. "ನಟ್ಟನಡುವ ಬಂದದ. ಸ್ವಚ್ಛ ಕಾಣಾಕತ್ತದ."

ಅವರು ಹೊರಟ ಮೇಲೆ ಮೇಜಿನ ಮೇಲೆ ಬಂದೂಕು ಉಳಿಯಿತು. ಪ್ಲಾಸ್ಟಿಕ್ ಸರಿಸಿದೆ. ಕಣಕದಲ್ಲಿ ಕೆನ್ನೆಯೆಲುಬು ಊರಿದ ತಗ್ಗು, ಅದರ ಕೆಳಗೆ ಹಲ್ಲಿನ ಸಾಲಿನ ಕಡೆಗೆ ಇಳಿಯುವ ಸಣ್ಣ ಇಳಿಜಾರು ಇತ್ತು. ಅದನ್ನು ಕೈಯಿಂದ ಮುಟ್ಟಲಿಲ್ಲ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಕತ್ತರಿಸಿ, ಅಂಗುಲಕ್ಕೊಂದರಂತೆ ಅಡ್ಡ ಹಿಡಿದು, ಆ ಇಳಿಜಾರಿಗೆ ಹೊಂದುವವರೆಗೆ ಕತ್ತರಿಯಿಂದ ಸವರಿದೆ. ಇನ್ನು ಕಟ್ಟಿಗೆಯನ್ನು ಆ ಕಾಗದಗಳಿಗೆ ಹೊಂದಿಸಿದರಾಯಿತು.

"ಆ ಕಣಕ ಒಣಗಿ ಹೋಗ್ತದ್ರಿ. ಆಕಳಿಗೆ ಹಾಕ್ಲೇನು?" ಅಂತ ಹೆಂಡತಿ ಕೇಳಿದಳು.

"ನಾನೇ ಹಾಕ್ತೇನಿ," ಅಂದೆ. ಪಕ್ಕದ ಮನೆಯ ಆಕಳು ಒಂದೇ ಬಾಯಿಗೆ ತಿಂದು ನನ್ನ ಅಂಗೈ ನೆಕ್ಕಿತು.

ಕೆನ್ನೆಯ ಜಾಗಕ್ಕೆ ಬೇರೆ ಬೇವಿನ ತುಂಡು ಅಂಟಿಸಿ, ಕಾಗದಗಳನ್ನು ಹಿಡಿದು ಹಿಡಿದು ಕೆರೆದೆ. ಎಡಭುಜಕ್ಕೆ ಹೊಂದಲೆಂದು ಹಿಂದಿನ ತುದಿಯನ್ನು ತುಸು ಎಡಕ್ಕೆ ಸರಿಸಿದೆ. ಅಷ್ಟು ಓರೆಯನ್ನು ಬೇವು ತಾಳುತ್ತದೆ. ಕೊಳವೆಯ ಹಿಂಭಾಗ ಒದೆಯುವ ಜಾಗದಲ್ಲಿ ಕಟ್ಟಿಗೆ ಪುಡಿಯನ್ನು ಗಟ್ಟಿ ಅಂಟಿನಲ್ಲಿ ಕಲೆಸಿ ತುಂಬಿದೆ. ಕಾಡಿಗೆಯ ಕೆಲಸ ಮೊದಲಿಂದ ಮತ್ತೆ ಆಯಿತು. ಅಷ್ಟರಲ್ಲಿ ಕಲಬುರಗಿಯ ಸ್ಪರ್ಧೆ ನಡೆದುಹೋಯಿತು. ಆ ದಿನ ಟೀಚರಿಗೆ ಫೋನು ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟುಬಿಟ್ಟೆ.

ಕಡೆಯ ಕೆಲಸ ಪಾಲಿಶು. ಒರಟು ಕಾಗದ, ಮಧ್ಯಮ ಕಾಗದ, ನುಣುಪು ಕಾಗದ, ನಡುನಡುವೆ ಒದ್ದೆ ಬಟ್ಟೆಯಿಂದ ಒರೆಸಿ ಎದ್ದ ನಾರನ್ನು ಮತ್ತೆ ಉಜ್ಜುವುದು. ಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚುವುದು. ಹೆಂಡತಿ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ನಮ್ಮ ಲಗ್ನದ ಮಂಚಕ್ಕ ನೀವು ಇಷ್ಟು ಉಜ್ಜಿಲ್ರಿ," ಅಂದಳು.

"ಮಂಚ ಕೆನ್ನಿಗೆ ತಾಗಂಗಿಲ್ಲಲ್ಲ," ಅಂದೆ.

"ತಲಿದಿಂಬು ಸರದ್ರ ತಾಗ್ತದ."

ಅವಳು ನಕ್ಕು ಒಳಗೆ ಹೋದಳು. ಅದಕ್ಕಿಂತ ಹೆಚ್ಚು ಅವಳು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮರುದಿನ ಉಳಿದ ಎಣ್ಣೆಯನ್ನು ನಾನು ಮಂಚದ ತಲೆಗಡೆಯ ಪಟ್ಟಿಗೆ ಹಚ್ಚಿದೆ. ಉಜ್ಜಿಯೇ ಹಚ್ಚಿದೆ.

ಕಬ್ಬಿಣವನ್ನು ಒಂದು ಚೀಲದಲ್ಲಿ, ಕಟ್ಟಿಗೆಯನ್ನು ಇನ್ನೊಂದರಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಅಫಜಲಪುರಕ್ಕೆ ಹೋದೆ. ಜೋಳದ ತೆನೆ ಹಾಲು ತುಂಬಿ ನಿಂತಿದ್ದವು. ಅವರ ಗೊಬ್ಬರದ ಗೋದಾಮಿನ ಹಿಂದೆ ಖಾಲಿ ಜಾಗವಿದೆ. ಗಂಡ ಮರಳಿನ ಚೀಲಗಳನ್ನು ಗೋಡೆಯಂತೆ ಪೇರಿಸಿ, ಮೇಲೆ ಗುರಿಯ ಕಾಗದ ಹಚ್ಚಿದ್ದರು. ನಾನು ಅಲ್ಲೇ ಕೂತು ಸ್ಕ್ರೂಗಳನ್ನು ಬಿಗಿದು ಬಂದೂಕನ್ನು ಕೊಟ್ಟೆ.

ಮೊದಲು ಹೊಡೆದವು ಕಾಗದಕ್ಕೇ ತಾಗಲಿಲ್ಲ. ಎಡಗೈ ಬೆರಳು ಟ್ರಿಗರನ್ನು ಜಗ್ಗಿ ಎಳೆಯುತ್ತಿತ್ತು. ಟೀಚರ್ ತುಟಿ ಕಚ್ಚಿಕೊಂಡರು. "ನಮ್ಮ ಸಾಲ್ಯಾಗಿನ ಹುಡುಗ್ಯಾರು ಇದಕ್ಕಿಂತ ಛಲೋ ಹೊಡೀತಾರ್ರಿ," ಅಂದರು. ಗಂಡ ಏನೋ ಸಮಾಧಾನ ಹೇಳಲು ಹೋದರು. "ನೀವು ಸುಮ್ಮ ನಿಂದರ್ರಿ" ಅನ್ನಿಸಿಕೊಂಡು ನಿಂತರು. ಆಮೇಲೆ ಟೀಚರ್ ಒಂದೊಂದು ಛರ್ರಾ ಹಾಕಿದ ಮೇಲೂ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಕಣ್ಣು ತೆರೆಯತೊಡಗಿದರು. ಬಿಸಿಲು ಗೋದಾಮಿನ ಗೋಡೆ ಹತ್ತುವ ಹೊತ್ತಿಗೆ ತೂತುಗಳು ಕಾಗದದೊಳಗೆ ಬಂದವು. ಕಡೆಗೆ ಹೊಡೆದ ಐದನ್ನು ಗಂಡ ಓಡಿಹೋಗಿ ನೋಡಿ, ಅಂಗೈ ಅಗಲಿಸಿ ತೋರಿಸಿದರು. ಅಷ್ಟರೊಳಗೆ ಬಿದ್ದಿದ್ದವು. ಕಾಲೇಜಿನ ಕಾಗದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಟೀಚರ್ ಆ ಅಂಗೈಯನ್ನು ದೂರದಿಂದ ನೋಡಿದರು, ಎಡಗೆನ್ನೆಯನ್ನು ಬೆರಳಿನಿಂದ ತಿಕ್ಕಿಕೊಂಡರು. ಮುಖ ಸಡಿಲಾಗಿತ್ತು.

"ಮುಂದಿನ ವರ್ಷ ಹೆಸರು ಕೊಡ್ತೇನಿ," ಅಂದರು. ಆಮೇಲೆ ಬಂದೂಕನ್ನು ನನ್ನ ಕಡೆ ಚಾಚಿದರು. "ಮಾಡಿದವ್ರು ನೀವು. ನೀವೂ ಒಂದ್ ಹೊಡೀರಿ."

ತೆಗೆದುಕೊಂಡು ಎಡಭುಜಕ್ಕೆ ಇಟ್ಟೆ. ನನ್ನ ತೋಳಿಗೆ ಕುಂದಾ ಗಿಡ್ಡವಾಯಿತು, ಮೊಣಕೈ ಇಕ್ಕಟ್ಟಿನಲ್ಲಿ ಮಡಚಿಕೊಂಡಿತು. ಕೆನ್ನೆ ಇಟ್ಟರೆ ಉಬ್ಬು ಎಲುಬಿಗೆ ಒತ್ತಿತು. ನಾನು ದಿನಗಟ್ಟಲೆ ಉಜ್ಜಿದ ತಗ್ಗು ನನ್ನ ಮುಖದಲ್ಲಿ ಎಲ್ಲಿಯೂ ಕೂರಲಿಲ್ಲ. ಅವರಿಗೆ ಹೇಳಿದಂತೆ ಕಣ್ಣು ಮುಚ್ಚಿ ತೆರೆದೆ. ಹಿಂದಿನ ತೂತಿನಲ್ಲಿ ಬರೀ ಕತ್ತಲೆ ಇತ್ತು. ತಲೆ ಎತ್ತಿ, ತಗ್ಗಿಸಿ, ಹೊರಳಿಸಿ ನೋಡಿದೆ.

"ಕಾಣ್ತದೇನ್ರಿ?" ಅಂತ ಅವರು ಪಕ್ಕದಿಂದ ಕೇಳಿದರು.

"ಇಲ್ರಿ. ನನಗೇನೂ ಕಾಣವಲ್ದು."

"ಹಂಗಾರ ಬರೋಬ್ಬರಿ ಆಗ್ಯದ," ಅಂದರು.

"ಹೌದ್ರಿ," ಅಂದೆ. ಬಂದೂಕನ್ನು ಅವರ ಕೈಗೆ ಕೊಟ್ಟು, ಬಸ್ಸಿನ ಹೊತ್ತಾಯಿತೆಂದು ಹೊರಟೆ.